ದ್ವಾದಶಿಯಿಂದ ಏಕಾದಶಿಯವರೆಗೆ

ವಡಪಳನಿ, ಚೆನ್ನೈ
3 ಜುಲೈ 2024

ಪ್ರೀತಿಯ ಭಾವನಾ,

ನನ್ನ ಅಕ್ಷರ ನೋಡಿದ ಕೂಡಲೇ ಅಮ್ಮನಿಗೆ ಏನೋ ಆಯಿತು ಎಂದುಕೊಂಡಿರುತ್ತೀಯ. ಏನೂ ಆಗಿಲ್ಲ. ಎಂಬತ್ತೆರಡರಲ್ಲೂ ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ಅವಳಿಗೆ ಕೇಳಿಸುತ್ತದೆ.

ಒಂದೇ ಊರಿನಲ್ಲಿದ್ದು ಹದಿನಾಲ್ಕು ವರ್ಷ ಮಾತಾಡದ ಅಕ್ಕ ಈಗೆಲ್ಲಿಂದ ಉದುರಿದಳು ಎಂದು ಕೇಳುತ್ತೀಯಲ್ಲ? ನೀನು ಕಾಸಿಮೇಡಿನ ಏಳುಮಲೈಯನ್ನು ಮದುವೆಯಾದ ದಿನ ಅಮ್ಮ ನನ್ನ ಕೈಯನ್ನು ಸಾಲಿಗ್ರಾಮದ ಪೆಟ್ಟಿಗೆಯ ಮೇಲೆ ಇರಿಸಿ ಪ್ರಮಾಣ ಮಾಡಿಸಿದಳು: ನಿನ್ನ ಹೊಸ್ತಿಲು ತುಳಿಯಬಾರದು, ನಿನ್ನೊಡನೆ ಫೋನಿನಲ್ಲಿ ಮಾತಾಡಬಾರದು. ವಾಟ್ಸಪ್ಪೂ ಫೋನಿನ ಹೊಟ್ಟೆಯೊಳಗಿನದೇ ಎಂದು ಅದನ್ನೂ ಬಿಟ್ಟೆ. ಆದರೆ ಕಾಗದದ ಮಾತು ಅಂದು ಬಂದಿರಲೇ ಇಲ್ಲ. ಇಷ್ಟು ಹೊಳೆಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಮನೆಯಲ್ಲಿ ಬುದ್ಧಿಯನ್ನೆಲ್ಲ ನೀನು ಬಳಿದುಕೊಂಡು ಹೋದೆ ಎಂದು ಅಪ್ಪ ಹೇಳುತ್ತಿದ್ದುದು ಸುಳ್ಳಲ್ಲ.

ನನ್ನ ದಿನಚರಿ ನಿನಗೆ ಗೊತ್ತಿದ್ದದ್ದೇ. ಅಪ್ಪ ಹೋಗಿ ಹತ್ತೊಂಬತ್ತು ವರ್ಷ. ಅಂದಿನಿಂದ ಅಮ್ಮ ನಾನು ಮಡಿಯುಟ್ಟು ಬೇಯಿಸಿದ್ದನ್ನು ಬಿಟ್ಟು ಬೇರೇನನ್ನೂ ಉಣ್ಣುವುದಿಲ್ಲ. ಬೆಳಗ್ಗೆ ಬೇಯಿಸಿಟ್ಟು ಶೋಳಿಂಗನಲ್ಲೂರಿನ ಆಫೀಸಿಗೆ ಓಡುತ್ತೇನೆ, ಸಂಜೆ ಬಂದು ಮತ್ತೆ ಸ್ನಾನ, ಮತ್ತೆ ಒಲೆ. ಈ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಈ ಊರಿನ ಗಡಿ ದಾಟಿ ಮಲಗಿಲ್ಲ. ತಿಂಗಳಿಗೆ ಎರಡು ಏಕಾದಶಿ, ಅಮ್ಮನ ಉಪವಾಸ. ಅವೆರಡು ಸಂಜೆ ಮಾತ್ರ ನನಗೆ ರಜೆ.

ನಿನ್ನೆ ಏಕಾದಶಿ. ನಮ್ಮ ಆಫೀಸಿನ ಕಟ್ಟಡದ ಕೆಳಮಹಡಿಯಲ್ಲಿ ಯಾರು ಬೇಕಾದರೂ ಬಂದು ವಸ್ತು ಮಾಡಲು ಕಲಿಯುವ ಕಾರ್ಯಾಗಾರವೊಂದಿದೆ. ಸುಮ್ಮನೆ ಇಣುಕಿದೆ. ಅದನ್ನು ನಡೆಸುವ ಕೌಶಿಕ್ ಎಂಬವರು, "ವಾಂಗ ಮೇಡಂ, ಒಂದು ಗೆರೆ ಎಳೀರಿ, ಅದು ಕಟ್ ಮಾಡತ್ತೆ" ಎಂದರು. ಕಂಪ್ಯೂಟರಿನಲ್ಲಿ ಒಂದು ವೃತ್ತ ಎಳೆದೆ. ಕೆಂಪು ಗೆರೆಯಾದರೆ ಯಂತ್ರ ಕತ್ತರಿಸುತ್ತದೆ, ಕಪ್ಪಾದರೆ ಕೆತ್ತುತ್ತದೆ. ಮುಚ್ಚಳ ಮುಚ್ಚಿದರು. ಲೇಸರ್ ಎಂಬ ಆ ಬೆಳಕು ಪ್ಲೈವುಡ್ಡಿನ ಮೇಲೆ ಒಂದು ಸುತ್ತು ಓಡಿತು. ತೆರೆದರೆ, ನಾನು ಎಳೆದ ವೃತ್ತ ಹಲಗೆಯಿಂದ ಬಿಟ್ಟು ಬಂದಿತ್ತು. ನಲವತ್ತೇಳು ವರ್ಷದ ಹೆಂಗಸು, ಬಸ್ಸಿನಲ್ಲಿ ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಮನೆಯವರೆಗೂ ನಗುತ್ತಾ ಬಂದೆ.

ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ನೀನೊಬ್ಬಳೇ ಇರುವುದು. ಉತ್ತರವನ್ನು ಮನೆಗೆ ಬರೆಯಬೇಡ, ಕೆಳಗಿರುವ ಕಾರ್ಯಾಗಾರದ ವಿಳಾಸಕ್ಕೆ ಹಾಕು.

ನಿನ್ನ ಅಕ್ಕ,
ನೀರಜಾ


ಕಾಸಿಮೇಡು
20 ಜುಲೈ 2024

ಅಕ್ಕಾ,

ಹದಿನಾಲ್ಕು ವರ್ಷಕ್ಕೆ ಒಂದು ಕಾಗದ. ತಪ್ಪನ್ನು ಅಂಚೆಯವರ ಮೇಲೆ ಹಾಕಲೂ ದಾರಿಯಿಲ್ಲ. ಎರಡು ವಾರ ಸಿಟ್ಟಿನಲ್ಲಿ ಉತ್ತರ ಬರೆಯಲಿಲ್ಲ. ನನ್ನ ಹೆರಿಗೆಗೆ ನೀನು ಬರಲಿಲ್ಲ. ಅದನ್ನು ಒಮ್ಮೆ ಬರೆದುಬಿಡುತ್ತೇನೆ, ಮತ್ತೆ ಎತ್ತುವುದಿಲ್ಲ.

ನನ್ನ ಮಗಳು ಶ್ರೀಪ್ರಿಯಾಗೆ ಹನ್ನೆರಡು. ನಾನು ಕನ್ನಡದಲ್ಲಿ ಬೈದರೆ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನಮ್ಮವರು ದೋಣಿಯ ಎಂಜಿನ್ ರಿಪೇರಿ ಮಾಡುತ್ತಾರೆ, ನನ್ನ ಅಡುಗೆಮನೆಗೆ ಮೀನು ತರುವುದಿಲ್ಲ. ನಾನು ಬೇಡ ಎಂದಿಲ್ಲ, ಅವರಾಗಿಯೇ ತರುವುದಿಲ್ಲ. ಇದು ಅಮ್ಮನಿಗೆ ಗೊತ್ತಾದರೂ ನಂಬುವುದಿಲ್ಲ ಬಿಡು.

ನಿನ್ನ ಬಿಲ್ಲೆಯ ಕಥೆ ಅವರಿಗೆ ಓದಿ ಹೇಳಿದೆ. "ಅಕ್ಕಾಗೆ ಕೈಯ ಕೆಲಸ ಬರೋ ಹಾಗೆ ಇರುಕ್ಕು, ವಿಡಬೇಡ ಅಂತ ಹೇಳು" ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು.

ನಾನು ಹೇಳುವುದು ಬೇರೆ. ಪುಣೆಯ ಸಂಬಂಧ ಬಂದಾಗ ಅಮ್ಮ ಎರಡು ದಿನ ನೀರು ಮುಟ್ಟದೆ ಕೂತದ್ದು ನನಗೆ ನೆನಪಿದೆ. ನೀನು ಬೇಡವೆಂದ ಮರುಕ್ಷಣ ಎರಡು ಸೌಟು ಅನ್ನ ಹೆಚ್ಚಿಗೆ ಉಂಡಳು. ಅವಳು ಹಸಿದು ಸಾಯುವ ಪೈಕಿಯಲ್ಲ. ಹಸಿದು ಗೆಲ್ಲುವ ಪೈಕಿ.

ಆ ಯಂತ್ರದಲ್ಲಿ ಅಮ್ಮನಿಗೇ ಏನಾದರೂ ಮಾಡಿಕೊಡು. ಬಚ್ಚಿಟ್ಟರೆ ಕಳ್ಳತನವಾಗುತ್ತದೆ, ಕೊಟ್ಟರೆ ಸೇವೆಯಾಗುತ್ತದೆ.

ಭಾವನಾ


ವಡಪಳನಿ
1 ಆಗಸ್ಟ್ 2024

ಪ್ರೀತಿಯ ಭಾವನಾ,

ಹೆರಿಗೆಯ ಮಾತನ್ನು ನೀನು ಒಮ್ಮೆ ಬರೆದೆ, ನಾನು ಹತ್ತು ಸಲ ಓದಿದೆ.

ನಿನ್ನೆ ಏಕಾದಶಿ, ಮತ್ತೆ ಹೋಗಿದ್ದೆ. ಈ ಸಲ ಹಲ್ಲಿಗೆ ಹಲ್ಲು ಕೂಡುವ ಪುಟ್ಟ ಪೆಟ್ಟಿಗೆ. ತೆರಪೂ ಮೂರು ಮಿಲಿಮೀಟರ್, ಹಲ್ಲೂ ಮೂರು ಮಿಲಿಮೀಟರ್, ಲೆಕ್ಕದಲ್ಲಿ ನಾನು ಹುಷಾರಲ್ಲವೇ! ಜೋಡಿಸಿದರೆ ಗಡಗಡ. ಕೌಶಿಕ್ ನಕ್ಕರು. ಬೆಳಕು ಓಡಿದ ದಾರಿಯಲ್ಲಿ ಕೂದಲೆಳೆಯಷ್ಟು ಮರವನ್ನು ಅದೇ ತಿಂದುಬಿಡುತ್ತದಂತೆ. ಅದಕ್ಕೆ ಕೆರ್ಫ್ ಎಂದು ಹೆಸರು. ಆ ಕೂದಲೆಳೆಯನ್ನು ಚಿತ್ರದಲ್ಲೇ ಮೊದಲು ಸೇರಿಸಿಕೊಳ್ಳಬೇಕು. ಇನ್ನೊಂದು ಪಾಠ, ಆರು ಮಿಲಿಮೀಟರ್ ಎಂದು ಚೀಟಿ ಹಚ್ಚಿದ ಹಲಗೆ ನಿಜಕ್ಕೂ ಆರು ಇರುವುದಿಲ್ಲ. ಚೀಟಿಯನ್ನು ನಂಬಬಾರದು, ಅಳೆದು ನೋಡಬೇಕು. ಎರಡನೆಯ ಪೆಟ್ಟಿಗೆ ಅಂಟಿಲ್ಲದೆ ಗಟ್ಟಿಯಾಗಿ ನಿಂತಿತು, ಟಪ್ ಎಂಬ ಸದ್ದು ಬಂತು. ಆ ಸದ್ದಿಗಾಗಿ ನಾನು ಇನ್ನು ಹದಿನೈದು ದಿನ ಕಾಯಬೇಕು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಮೂಗು ಹಿಡಿದಳು.

"ಏನೇ ಇದು ಸುಟ್ಟ ವಾಸನೆ? ಸುಡುಗಾಡಿಗೆ ಹೋಗಿ ಬಂದ್ಯಾ?"

"ಆಫೀಸಲ್ಲಿ ಮರದ ಕೆಲಸ ನಡೀತಿದೆ ಅಮ್ಮ" ಎಂದೆ. ತಲೆಗೆ ನೀರು ಹಾಕಿಕೊಳ್ಳುವವರೆಗೂ ಒಳಗೆ ಬಿಡಲಿಲ್ಲ.

ಈ ತಿಂಗಳು ಶಾಕವ್ರತ ಬೇರೆ. ತರಕಾರಿ ಇಲ್ಲ, ಹುಣಸೆಯಿಲ್ಲ, ಮೆಣಸಿನಕಾಯಿಯಿಲ್ಲ. ಎದುರು ಮನೆಯ ಸಣ್ಣಮ್ಮನವರು ಮಡಿಯಲ್ಲಿ ನಮ್ಮಮ್ಮನಿಗಿಂತ ಒಂದು ಕೈ ಮೇಲು. "ನೀರಜಾ, ಒಂದು ಹೊತ್ತು ನಾನು ಮಾಡಿಕೊಡ್ತೀನಿ, ನೀನು ಮಲಕ್ಕೋ" ಎನ್ನುತ್ತಾರೆ. ಅಮ್ಮ ಅವರ ಮನೆಯ ನೀರನ್ನೂ ಮುಟ್ಟಳು.

ನಿನ್ನ ಸಲಹೆ ಹಿಡಿಸಿತು. ಅಮ್ಮನ ಕೈ ಈಗ ನಡುಗುತ್ತದೆ, ಪುಸ್ತಕ ಹಿಡಿಯಲಾಗುವುದಿಲ್ಲ. ಪಾರಾಯಣಕ್ಕೆ ಒಂದು ವ್ಯಾಸಪೀಠ ಮಾಡುತ್ತೇನೆ. ಎರಡು ಹಲಗೆ ಒಂದರೊಳಗೊಂದು ಸಿಕ್ಕಿಕೊಂಡು ಪುಸ್ತಕ ಹೊರುವಂಥದ್ದು.

ನೀರಜಾ


ವಡಪಳನಿ
18 ಆಗಸ್ಟ್ 2024

ಭಾವನಾ,

ಮೊನ್ನೆ ಏಕಾದಶಿಗೆ ವ್ಯಾಸಪೀಠ ಮುಗಿಯಿತು. ಚೆನ್ನಾಗಿ ಬಂದಿತ್ತು ಕಣೇ. ಹಲಗೆ ಅಳೆದೆ, ಕೂದಲೆಳೆ ಸೇರಿಸಿದೆ, ಅಂಚಿಗೆ ಸಣ್ಣ ತುಳಸಿ ಎಲೆಗಳ ಸಾಲು ಕೆತ್ತಿದೆ. ಹೊಗೆಯ ಕಲೆ ಕೂರದಂತೆ ಮೇಲೆ ಕಾಗದದ ಟೇಪು ಹಚ್ಚಿ ಕತ್ತರಿಸಬೇಕೆಂಬುದನ್ನೂ ಮರೆಯಲಿಲ್ಲ. ಅಂಟು ಪ್ರಾಣಿಜನ್ಯವೇನೋ ಎಂದು ಅಂಟನ್ನೇ ಬಳಸಲಿಲ್ಲ. ಮಡಿಯ ದೃಷ್ಟಿಯಿಂದ ಒಂದೇ ಒಂದು ತಪ್ಪಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಮ್ಮ ದ್ವಾದಶಿಯ ಪಾರಣೆ ಮುಗಿಸಿ ದೇವರ ಮನೆಯಲ್ಲಿ ಪುಸ್ತಕವಿಟ್ಟು ಎರಡು ಪುಟ ಓದಿದಳು. ಬೆರಳಿನಿಂದ ತುಳಸಿ ಎಲೆ ಸವರಿದಳು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಆಮೇಲೆ ಬಗ್ಗಿ ಮೂಸಿದಳು.

"ಇದರಲ್ಲಿ ಮರದ ವಾಸನೆ ಒಂದೇ ಇಲ್ಲವಲ್ಲೇ. ಅದೇ ಮಿಷಿನ್ನಲ್ಲಿ ಬೇರೆ ಏನು ಕೊಯ್ತಾರೆ?"

ನನಗಿಂತ ಮೊದಲು ಆ ಯಂತ್ರದ ಮುಂದೆ ಇದ್ದ ಹುಡುಗಿ ಚರ್ಮದ ಪರ್ಸುಗಳನ್ನು ಕತ್ತರಿಸುತ್ತಿದ್ದಳು. ಅದೇ ಜಾಲರಿಯ ಮೇಲೆ, ಅದರ ಬೂದಿಯ ಮೇಲೆ ನಾನು ನನ್ನ ಹಲಗೆ ಇಟ್ಟಿದ್ದೆ. ಮರ, ಅಂಟು, ಬಣ್ಣ ಎಲ್ಲ ಯೋಚಿಸಿದವಳಿಗೆ ಜಾಲರಿಯನ್ನು ಒರೆಸಬೇಕೆಂದು ಹೊಳೆಯಲಿಲ್ಲ. ಸುಳ್ಳು ಹೇಳಬಹುದಿತ್ತು. ದೇವರ ಮನೆಯ ಹೊಸ್ತಿಲ ಮೇಲೆ ನಿಂತಿದ್ದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ವ್ಯಾಸಪೀಠ ಹೊರಗೆ ಚಪ್ಪಲಿಯ ಗೂಡಿನ ಹತ್ತಿರ ಹೋಯಿತು. ಮನೆಯೆಲ್ಲ ತೊಳೆದೆ, ದೇವರ ಮನೆ ಎರಡು ಸಲ. ಅಮ್ಮ ಎರಡು ದಿನದಿಂದ ಏನೂ ಮುಟ್ಟಿಲ್ಲ. "ನಿನ್ನ ಮೇಲೆ ಕೋಪವಿಲ್ಲ, ನನ್ನ ಪ್ರಾಯಶ್ಚಿತ್ತ ನಾನು ಮಾಡ್ಕೋತೀನಿ" ಎನ್ನುತ್ತಾಳೆ. ಕೋಪ ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಾಗಿತ್ತು.

ನೀರಜಾ


ಕಾಸಿಮೇಡು
2 ಸೆಪ್ಟೆಂಬರ್ 2024

ಅಕ್ಕಾ,

ಓದಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಮನೆಗೆ ಮೃದಂಗದವರು ಬಂದು ನುಡಿಸಿದಾಗ ಅಮ್ಮ ಮೊದಲ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದಳಲ್ಲ, ಅದು ಯಾವುದರಿಂದ ಮಾಡಿದ್ದೆಂದು ಕೇಳು.

ಬೇಡ, ಕೇಳಬೇಡ, ಇನ್ನೂ ಎರಡು ದಿನ ಉಪವಾಸ ಕೂರುತ್ತಾಳೆ. ಇದನ್ನು ಹೇಳು: ಆ ಹಲಗೆ ಬೆಂಕಿಯಲ್ಲಿ ಹಾದು ಬಂದದ್ದು, ಅಗ್ನಿಗೆ ಮೈಲಿಗೆಯಿಲ್ಲ.

ಒಂದು ಮಾತು. ಕಾರ್ಯಾಗಾರ ಬಿಡಬೇಡ. ನೀನು ಬಿಡುತ್ತೀಯ ಎಂದು ನನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಭಾವನಾ


ವಡಪಳನಿ
16 ಸೆಪ್ಟೆಂಬರ್ 2024

ಭಾವನಾ,

ಹೇಳಿದೆ. "ಆ ಅಗ್ನಿ ಬೀಡಿಯ ತುದೀಲೂ ಇರ್ತಾನೆ. ಹಾಗಂತ ಬೀಡಿ ನೈವೇದ್ಯ ಮಾಡ್ತೀಯಾ?" ಎಂದಳು. ಎಂಬತ್ತೆರಡು ವರ್ಷದ ತರ್ಕದ ಮುಂದೆ ನಾವಿಬ್ಬರೂ ಕೂಸುಗಳು.

ಮೊನ್ನೆ ಏಕಾದಶಿ. ಆಫೀಸಿನಿಂದ ನೇರ ಮನೆಗೆ ಬಂದೆ.

ನೀರಜಾ


ವಡಪಳನಿ
27 ಡಿಸೆಂಬರ್ 2024

ಪ್ರೀತಿಯ ಭಾವನಾ,

ನಿನ್ನ ಮೂರು ಕಾಗದಗಳೂ ಕಾರ್ಯಾಗಾರದ ಮೇಜಿನ ಮೇಲೆ ಒಂದರ ಮೇಲೊಂದು ಕೂತಿದ್ದವು. ಸೆಪ್ಟೆಂಬರಿನಿಂದ ನಿನ್ನೆಯವರೆಗೂ ನಾನು ಆ ಬಾಗಿಲ ಕಡೆ ಮುಖ ಹಾಕಿರಲಿಲ್ಲ. ನಿನ್ನೆ ಕೌಶಿಕ್ ಅವರೇ ಮಹಡಿ ಹತ್ತಿ ಬಂದು ಕೊಟ್ಟರು. "ಮೇಡಂ, ನಿಮ್ಮ ತಂಗಿ ಕೈಲಿ ಬೈಸಿಕೊಳ್ಳೋಕೆ ನನ್ನ ವಿಳಾಸ ಕೊಟ್ಟಿದ್ದೀರಾ?" ಎಂದರು. ಕೊನೆಯ ಲಕೋಟೆಯ ಹೊರಗೇ ನೀನು ಬರೆದದ್ದನ್ನು ಅವರು ಓದಿದ್ದರು.

ಇಳಿದು ಹೋದೆ. ಜಾಲರಿ ಒರೆಸಿದೆ, ಅದೇ ಮೊದಲ ಕೆಲಸ. ಆಮೇಲೆ ಬಾಗುವ ಮರ ಕಲಿತೆ. ಹಲಗೆಯಲ್ಲಿ ಒತ್ತೊತ್ತಾಗಿ ನೂರಾರು ಸಣ್ಣ ಸೀಳು ಹಾಕಿದರೆ ಬಟ್ಟೆಯಂತೆ ಬಾಗುತ್ತದೆ. ಸೀಳು ಹೆಚ್ಚಾದರೆ ಮುರಿಯುತ್ತದೆ, ಕಡಿಮೆಯಾದರೆ ಬಾಗದು. ಮೂರು ತುಂಡು ಮುರಿದೆ, ನಾಲ್ಕನೆಯದು ಸುತ್ತಿಕೊಂಡು ಲೋಟವಾಯಿತು. ಎಷ್ಟು ದಿನದ ಮೇಲೆ ಉಸಿರು ಬಂದ ಹಾಗಾಯಿತೆಂದರೆ, ಅಲ್ಲೇ ಕೂತು ಅತ್ತೆ. ಕೌಶಿಕ್ ಮರದ ಪುಡಿ ಕಣ್ಣಿಗೆ ಬಿತ್ತೇನೋ ಎಂದು ನೀರು ತಂದರು.

ಈಗ ವಿಷಯ. ಕೊಯಮತ್ತೂರಿನಲ್ಲಿ ಈ ವಿದ್ಯೆಯನ್ನು ಕಲಿಸುವವರಿಗೆ ತರಬೇತಿ, ಅಲ್ಲೇ ಉಳಿದು ಹನ್ನೆರಡು ದಿನ. ನನಗೆ ಹೇಳದೆಯೇ ಕೌಶಿಕ್ ನನ್ನ ಹೆಸರನ್ನು ಕಳಿಸಿದ್ದರು, ಆಯ್ಕೆಯೂ ಆಗಿದೆ. ಜನವರಿ 26ರ ದ್ವಾದಶಿಗೆ ಹೊರಟರೆ ಫೆಬ್ರವರಿ 8ರ ಏಕಾದಶಿಗೆ ಮುಗಿಸಿ ಹೊರಡಬಹುದು. ಪಂಚಾಂಗವೇ ಮುಹೂರ್ತ ಇಟ್ಟುಕೊಟ್ಟ ಹಾಗಿದೆ. ನಡುವಿನ ಅಷ್ಟೂ ದಿನ ಅಮ್ಮ ಉಣ್ಣಬೇಕು, ಅದೊಂದೇ ತೊಡಕು.

ಕೌಶಿಕ್‌ಗೆ ಆಗುವುದಿಲ್ಲ ಎಂದು ಹೇಳಲು ಇನ್ನೂ ಹತ್ತು ದಿನ ಗಡುವಿದೆ. ಹೇಳಿಬಿಡುತ್ತೇನೆ. ಆದರೆ ನನಗೆ ಹೋಗಬೇಕು ಭಾವನಾ. ಯಾವುದಕ್ಕೂ ಇಷ್ಟು ಆಸೆಪಟ್ಟಿರಲಿಲ್ಲ, ಪುಣೆಗೂ ಪಟ್ಟಿರಲಿಲ್ಲ.

ನೀರಜಾ


ಕಾಸಿಮೇಡು
3 ಜನವರಿ 2025

ಅಕ್ಕಾ,

ಆಗುವುದಿಲ್ಲ ಎಂದು ಹೇಳಿದರೆ ಇನ್ನು ನನಗೆ ಕಾಗದ ಬರೆಯಬೇಡ.

ನಾನು ಬರುತ್ತೇನೆ. ಮಡಿ ಅಡುಗೆ ಅಮ್ಮ ನಮ್ಮಿಬ್ಬರಿಗೂ ಒಟ್ಟಿಗೇ ಕಲಿಸಿದ್ದು. ನಿನ್ನ ಪ್ರಮಾಣ ನನ್ನ ಹೊಸ್ತಿಲಿನ ಮೇಲೆ, ನಿನ್ನ ಹೊಸ್ತಿಲಿಗೆ ನಾನು ಬರಬಾರದೆಂದು ಯಾರೂ ಪ್ರಮಾಣ ಮಾಡಿಲ್ಲ. ಕಾಗದದ ಸಂದು ನೀನು ಹುಡುಕಿದೆ, ಇದು ನಾನು ಹುಡುಕಿದ್ದು.

ಇಲ್ಲಿ ಅಪ್ಪ ಮಗಳು ಎರಡು ವಾರ ನಿಭಾಯಿಸುತ್ತಾರೆ. ಎರಡೇ ವಾರ. ಅದಕ್ಕಿಂತ ಒಂದು ದಿನ ಹೆಚ್ಚು ನಾನು ಅಲ್ಲಿ ಇರಲಾರೆ, ಆ ಮನೆಯ ಗಾಳಿ ನನಗೆ ಗೊತ್ತು.

ಭಾವನಾ


ವಡಪಳನಿ
24 ಜನವರಿ 2025

ಭಾವನಾ,

ಹೇಳಿದೆ. ಮೂರು ದಿನ ಅಮ್ಮ ನನ್ನೊಡನೆ ಮಾತಾಡಲಿಲ್ಲ. ಇವತ್ತು ಬೆಳಗ್ಗೆ, ನಾನು ಅನ್ನ ಬಸಿಯುತ್ತಿರುವಾಗ, ಬೆನ್ನ ಹಿಂದೆ ನಿಂತು ಹೇಳಿದಳು: "ಅವಳು ಬರೋದಾದ್ರೆ ಬರಲಿ, ಗೋಡೆ ಕಾಯೋಕೆ ಒಬ್ರು ಬೇಕಲ್ಲ. ನಾನು ಹಾಲು ಹಣ್ಣಲ್ಲಿ ಇರ್ತೀನಿ. ನೀನು ನಿಶ್ಚಿಂತೆಯಾಗಿ ಹೋಗಿ ಬಾ."

ನಿಶ್ಚಿಂತೆ ಎಂಬ ಪದವನ್ನು ಅವಳು ಹೇಗೆ ಹೇಳಿದಳೆಂದು ಬರೆದು ತೋರಿಸಲಾರೆ.

ಭಾನುವಾರ ಬೆಳಗ್ಗೆ ಪಾರಣೆ ಮಾಡಿಸಿ ಹೊರಡುತ್ತೇನೆ. ನೀನು ಹತ್ತಕ್ಕೆ ಬಾ. ಅಮ್ಮ ಫೋನು ಮುಟ್ಟುವುದಿಲ್ಲ. ಜೀವಕ್ಕೇ ಬಂದರೆ ಸಣ್ಣಮ್ಮನವರಿಂದ ನನಗೆ ಫೋನು ಮಾಡಿಸು, ಉಳಿದದ್ದಕ್ಕೆ ಕಾಗದವೇ. ನಗಬೇಡ, ಪ್ರಮಾಣ ಪ್ರಮಾಣವೇ. ಕೊಯಮತ್ತೂರಿನ ವಿಳಾಸ ಹಿಂದೆ ಇದೆ, ಸ್ಪೀಡ್ ಪೋಸ್ಟಿನಲ್ಲಿ ಕಳಿಸು.

ನೀರಜಾ


ವಡಪಳನಿ
29 ಜನವರಿ 2025

ಅಕ್ಕಾ,

ಅಮ್ಮ ಚೆನ್ನಾಗಿದ್ದಾಳೆ. ಹಾಲು, ಬಾಳೆಹಣ್ಣು ತೆಗೆದುಕೊಳ್ಳುತ್ತಾಳೆ. ಸ್ವಲ್ಪ ಸುಸ್ತು. ಜಪ, ಪಾರಾಯಣ ಎಲ್ಲ ಎಂದಿನಂತೆ.

ನೀನು ಚಿಂತೆ ಮಾಡಬೇಡ.

ಭಾವನಾ


ಕೊಯಮತ್ತೂರು
1 ಫೆಬ್ರವರಿ 2025

ಭಾವನಾ,

ನಿನ್ನ ಕಾಗದ ಬಂತು. ಇಷ್ಟು ಚಿಕ್ಕ ಕಾಗದ ನೀನು ಎಂದೂ ಬರೆದವಳಲ್ಲ. ಸ್ವಲ್ಪ ಸುಸ್ತು ಎಂದರೆ ಎಷ್ಟು? ಎದ್ದು ಓಡಾಡುತ್ತಾಳೆಯೇ?

ಇಲ್ಲಿ ನಾವು ಹದಿನಾಲ್ಕು ಜನ, ನಾನೇ ಹಿರಿಯಳು. ಮೊದಲ ಮೂರು ದಿನ ಸ್ವರ್ಗ. ನಾಲ್ಕು ಗಂಟೆ ಒಂದೇ ಸಮ ಚಿತ್ರ ಬಿಡಿಸಿದೆ, ಯಾರೂ ನನ್ನನ್ನು ಕರೆಯಲಿಲ್ಲ. ಊಟದ ಗಂಟೆ ಹೊಡೆದಾಗ ಯಾರೋ ಬೇಯಿಸಿದ ಅನ್ನ ನನ್ನ ತಟ್ಟೆಗೆ ಬಿತ್ತು. ನಾಲ್ಕನೆಯ ದಿನ ಆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ನಾನು ಇಲ್ಲಿ ಉಣ್ಣುತ್ತಿದ್ದೇನೆ, ಅವಳು ಅಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದಾಳೆ.

ನಿನ್ನೆ ಯಂತ್ರದ ವೇಗ ತಪ್ಪಾಗಿ ಹಾಕಿದೆ. ಬೆಳಕು ಒಂದೇ ಕಡೆ ನಿಂತು ಹಲಗೆ ಹೊತ್ತಿಕೊಂಡಿತು. ಮುಚ್ಚಳ ತೆರೆದರೆ ಸಾಕು ಬೆಳಕು ತಾನೇ ನಿಲ್ಲುತ್ತದೆ, ಅದೂ ಗೊತ್ತು, ಆದರೆ ಕೈ ಎತ್ತಲಾಗಲಿಲ್ಲ. ಪಕ್ಕದವರು ತೆರೆದು ಬೆಂಕಿ ಆರಿಸಿದರು. ಗುರುಗಳು ಬೈಯಲಿಲ್ಲ. ತರಬೇತಿಯ ನಂತರ ಮೂರು ತಿಂಗಳು ಇಲ್ಲೇ ಇದ್ದು ಹೊಸಬರಿಗೆ ಕಲಿಸುತ್ತೀರಾ ಎಂದು ಅವರು ಮೊನ್ನೆಯಷ್ಟೇ ಕೇಳಿದ್ದರು. ಇಲ್ಲ ಎಂದು ಹೇಳಿಬಿಟ್ಟೆ.

ಇನ್ನು ತಡೆಯಲಾರೆ. ಬುಧವಾರ, ಐದನೆಯ ತಾರೀಖಿನ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಅರ್ಧಕ್ಕೇ ಬರುತ್ತೇನೆ. ಅಮ್ಮನಿಗೆ ಹೇಳು, ಗುರುವಾರ ಬೆಳಗ್ಗೆ ಅನ್ನ ಉಣ್ಣಬಹುದು ಎಂದು.

ನೀರಜಾ


ವಡಪಳನಿ
3 ಫೆಬ್ರವರಿ 2025

ಅಕ್ಕಾ,

ನಿನ್ನ ಕಾಗದ ಈಗಷ್ಟೇ ಬಂತು. ಇದು ಬುಧವಾರದೊಳಗೆ ನಿನ್ನ ಕೈಗೆ ಸಿಗಲಿ ಎಂದು ನಮ್ಮ ಕುಲದೇವರಿಗೂ ಅವರ ಕುಲದೇವರಿಗೂ ಹರಕೆ ಹೊತ್ತು ಬರೆಯುತ್ತಿದ್ದೇನೆ. ಹಿಂದಿನ ಕಾಗದದಲ್ಲಿ ನಾನು ಬರೆದದ್ದು ಸುಳ್ಳು.

ನೀನು ಹೋದ ಮರುದಿನ, ಸೋಮವಾರ, ಹಾಲು ಹಣ್ಣೇ. ಮಂಗಳವಾರ ನನಗಾಗಿ ನಾನು ಸಾರು ಕುದಿಸುತ್ತಿದ್ದೆ. ಅಮ್ಮ ಬಂದು ಅಡುಗೆಮನೆಯ ಬಾಗಿಲು ಹಿಡಿದು ನಿಂತಳು. ಹದಿನಾಲ್ಕು ವರ್ಷದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು:

"ಹುಳಿ ಜಾಸ್ತಿ ಬಿಟ್ಯಾ?"

"ನಂಗೇನು ಗೊತ್ತು, ನಾಲಿಗೆ ಮೇಲೆ ಹಾಕಿ ನೋಡಿದ್ರೆ ತಾನೇ" ಎಂದೆ.

"ಬಡಿಸು."

ಎಲೆ ಹಾಕಿದೆ. ಮೂರು ಸಲ ಅನ್ನ ಹಾಕಿಸಿಕೊಂಡಳು. ನಾನು ಮೀನು ಹರಾಜಿನ ಬೀದಿಯಿಂದ ಬಂದವಳೆಂಬುದು ಅವಳಿಗೆ ನೆನಪೇ ಬರಲಿಲ್ಲ, ಅಥವಾ ನೆನಪಿದ್ದೂ ಬೇಡವಾಯಿತು. ಕೈಗೆ ನೀರು ಹಾಕುವಾಗ ಚೊಂಬಿನ ಕಡೆಯೇ ನೋಡುತ್ತಾ ಹೇಳಿದಳು:

"ಉಂಡೆ ಅಂತ ನೀರಜಾಗೆ ಬರೀಬೇಡ. ಗೊತ್ತಾದ್ರೆ ಅವಳು ವಾಪಸ್ ಬರಲ್ಲ."

ಅಕ್ಕಾ, ಅವಳಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು.

ನಾನೇಕೆ ಸುಳ್ಳು ಬರೆದೆ? ಅವಳು ಪಕ್ಕದಲ್ಲೇ ಕೂತಿದ್ದಳು, ಪಾಪ ಎನಿಸಿತು. ಅದಕ್ಕಿಂತ ನಿಜ ಇನ್ನೊಂದಿದೆ. ಅವಳು ನನ್ನ ಕೈಯಿಂದ ಉಂಡದ್ದು ನನಗೆ ಖುಷಿಯಾಗಿತ್ತು, ಆ ಖುಷಿ ನಾಲ್ಕು ದಿನ ನನ್ನೊಬ್ಬಳದ್ದೇ ಆಗಿರಲಿ ಎಂದು ಆಸೆಯಾಯಿತು. ಶನಿವಾರ ಶ್ರೀಪ್ರಿಯಾ ಬಂದಿದ್ದಳು. "ಏನು ಓದ್ತೀಯಾ?" ಎಂದು ಅಮ್ಮ ಕನ್ನಡದಲ್ಲಿ ಕೇಳಿದಳು, ಇವಳು "ಏಳಾಂ ವಗುಪ್ಪು, ಪಾಟ್ಟಿ" ಎಂದು ತನ್ನ ಏಳನೇ ಕ್ಲಾಸನ್ನು ತಮಿಳಿನಲ್ಲೇ ಹೇಳಿದಳು. ಅಮ್ಮ ಅವಳ ಜಡೆ ಬಿಚ್ಚಿ ಹೊಸದಾಗಿ ಹಾಕಿದಳು.

ಆದರೆ ನಿನ್ನೆಯಿಂದ ರಾಗ ಬದಲಾಗಿದೆ. "ನೀನು ಇಲ್ಲೇ ಇದ್ದುಬಿಡು, ನಿನ್ನ ಸಾರಿನ ಹಾಗೆ ನೀರಜಾಗೆ ಬರಲ್ಲ" ಎನ್ನುತ್ತಾಳೆ. ಮಧ್ಯಾಹ್ನ ನಾನು ಅಂಗಡಿಗೆ ಹೋಗಿ ಹತ್ತು ನಿಮಿಷ ತಡವಾದದ್ದಕ್ಕೆ ಊಟ ಮುಟ್ಟಲಿಲ್ಲ. ನೀನು ಬಂದರೂ ಬರದಿದ್ದರೂ ಭಾನುವಾರ ನಾನು ನನ್ನ ಮನೆಗೆ ಹೋಗುತ್ತೇನೆ.

ರೈಲು ಹತ್ತಬೇಡ ಎಂದು ನಾನು ಹೇಳುವುದಿಲ್ಲ. ಇಷ್ಟು ದಿನ ನಿನಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ.

ಭಾವನಾ


ಕೊಯಮತ್ತೂರು
6 ಫೆಬ್ರವರಿ 2025

ಅಮ್ಮ,

ನಿನಗೆ ನಮಸ್ಕಾರ. ಒಂದೇ ಸೂರಿನಡಿ ಇದ್ದವರಿಗೆ ಕಾಗದ ಬೇಕಾಗಿರಲಿಲ್ಲ. ಹಾಗಾಗಿ ಇದು ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ. ಭಾವನಾ ಓದಿ ಹೇಳುವುದು ಬೇಡ, ನೀನೇ ಓದು.

ನಿನ್ನೆಯ ರೈಲಿನಲ್ಲಿ ನನ್ನ ಸೀಟು ಖಾಲಿ ಹೋಯಿತು. ಚೀಲ ಕಟ್ಟಿಟ್ಟಿದ್ದೆ. ಮಧ್ಯಾಹ್ನ ಭಾವನಾಳ ಕಾಗದ ಬಂತು. ಅವಳನ್ನು ಬೈಯಬೇಡ, ಬೈಯಬೇಕಾದರೆ ನನ್ನನ್ನೇ ಬೈ.

ನೀನು ಉಂಡೆ ಎಂದು ಓದಿದಾಗ ಮೊದಲು ಬಂದದ್ದು ಸಂತೋಷ. ಅಬ್ಬ, ಅಮ್ಮ ಹಸಿದಿಲ್ಲ ಎಂದು. ಆಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಕೈಯಲ್ಲಿದ್ದ ಹಲಗೆ ಎರಡು ತುಂಡಾಯಿತು. ಹತ್ತೊಂಬತ್ತು ವರ್ಷ ಅಮ್ಮ! ಜ್ವರ ಬಂದಾಗಲೂ ತಣ್ಣೀರು ಸುರಿದುಕೊಂಡು ಒದ್ದೆ ಬಟ್ಟೆಯಲ್ಲಿ ನಿಂತು ಬೇಯಿಸಿದ್ದೇನೆ. ತಂಗಿಯ ಬಾಣಂತನಕ್ಕೆ ಹೋಗಲಿಲ್ಲ. ಪುಣೆಯವರಿಗೆ ನಾನೇ ಬೇಡ ಎಂದು ಹೇಳಿದೆ. ನಾನು ಹೋದರೆ ನೀನು ಸಾಯುತ್ತೀಯ ಎಂದು ನಂಬಿದ್ದೆ. ನೀನು ಎರಡನೆಯ ದಿನಕ್ಕೇ ಎಲೆ ಹಾಕಿಸಿಕೊಂಡೆ.

ಅದು ತಪ್ಪಲ್ಲ. ಹಸಿವಾದರೆ ಉಣ್ಣಬೇಕು. ಗೊತ್ತಾದರೆ ನಾನು ಬರುವುದಿಲ್ಲ ಎಂದೆಯಲ್ಲ, ಅದೇ ನನ್ನನ್ನು ಚುಚ್ಚುತ್ತಿದೆ. ನನ್ನನ್ನು ನೀನು ಇಷ್ಟೇ ಎಂದು ತಿಳಿದೆಯಾ? ಒಂದು ಸಲ, ಒಂದೇ ಒಂದು ಸಲ, ‘ನೀನು ಹೋದರೆ ನನಗೆ ಭಯ ಕಣೇ’ ಎಂದು ಹೇಳಿದ್ದರೆ ನಾನು ಇರುತ್ತಿದ್ದೆ. ಗೊಣಗದೆ ಇರುತ್ತಿದ್ದೆ. ನೀನು ಮಡಿ ಎಂದೆ, ವ್ರತ ಎಂದೆ, ಪ್ರಾಯಶ್ಚಿತ್ತ ಎಂದೆ. ಭಯ ಎಂದು ಮಾತ್ರ ಹೇಳಲಿಲ್ಲ.

ಇಲ್ಲಿ ಮೂರು ತಿಂಗಳು ಇದ್ದು ಕಲಿಸಲು ಒಪ್ಪಿಕೊಂಡಿದ್ದೇನೆ. ಆಫೀಸಿನಲ್ಲಿ ನಾನು ತೆಗೆದುಕೊಳ್ಳದ ರಜೆ ಬೆಟ್ಟದಷ್ಟಿದೆ. ಭಾನುವಾರ ನಾನು ಬರುವುದಿಲ್ಲ. ಭಾವನಾಳೂ ಅಂದೇ ತನ್ನ ಮನೆಗೆ ಹೋಗುತ್ತಾಳೆ, ಅವಳ ಸೆರಗು ಹಿಡಿಯಬೇಡ, ಅವಳ ಮಗಳು ಕಾಯುತ್ತಿದ್ದಾಳೆ. ಸಣ್ಣಮ್ಮನವರು ದ್ವಾದಶಿಯಿಂದ ಎರಡು ಹೊತ್ತು ನಮ್ಮ ಮನೆಯಲ್ಲೇ ಬಂದು ಬೇಯಿಸುತ್ತಾರೆ. ಅವರೊಡನೆ ಫೋನಿನಲ್ಲಿ ಮಾತಾಡಿದ್ದೇನೆ. ಉಣ್ಣುವುದು ಬಿಡುವುದು ನಿನಗೆ ಬಿಟ್ಟದ್ದು.

ನಾನು ಬರಲೇಬೇಕೆಂದಿದ್ದರೆ ಉಪವಾಸ ಕೂತು ಕರೆಸಬೇಡ. ಹಾಗೆ ಕರೆದರೆ ಬರುವುದಿಲ್ಲ, ಹೆಣಕ್ಕೂ ಬರುವುದಿಲ್ಲ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಒಂದು ಕಾರ್ಡು ತೆಗೆದುಕೊ. ‘ನನಗೆ ಭಯ, ಬಾ’ ಎಂದು ನಿನ್ನ ಕೈಯಾರೆ ಬರೆ. ಅಷ್ಟೇ ಸಾಕು. ಅದು ಬಂದ ದಿನವೇ ಹೊರಡುತ್ತೇನೆ.

ಬರೆಯಲು ಮನಸ್ಸು ಬಾರದಿದ್ದರೆ, ಊಟ ಮಾಡು.

ನೀರಜಾ